ಖಾತೆಯೂ ಕಣಜವೂ

ಮೊಬೈಲ್ ಫೋನನ್ನು ಬಳಸುವವರೆಲ್ಲರಿಗೂ ಪರಿಚಿತವಾಗಿದ್ದು, ಯಾರೂ ಹೆಚ್ಚಾಗಿ ಚಿಂತಿಸದೆ ಬಿಟ್ಟಿರುವ ಒಂದು ವೈಚಿತ್ರ್ಯವುಂಟು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಆ ಯಂತ್ರವು ತನ್ನ ತಂತ್ರಾಂಶವನ್ನು ನವೀಕರಿಸಿಕೊಳ್ಳಲು ಅಪ್ಪಣೆ ಬೇಡುತ್ತದೆ; ಕಾರಣವೇನೆಂದು ವಿಚಾರಿಸಿದರೆ, ಭದ್ರತೆಗೆ ಸಂಬಂಧಿಸಿದ ಕೆಲವು ದೋಷಗಳನ್ನು ತಿದ್ದಲಾಗಿದೆಯೆಂಬ ಒಂದು ಸಾಲಿನ ಉತ್ತರ ದೊರೆಯುತ್ತದೆ. ಹೋದ ಸಲವೂ ಇದೇ ಉತ್ತರ, ಅದರ ಹಿಂದಿನ ಸಲವೂ ಇದೇ. ತಿದ್ದಿದ ಮೇಲೆ ದೋಷಗಳು ತೀರಬೇಕಷ್ಟೆ. ತೀರದೆ ಹೊಸಹೊಸವು ಹೊರಬೀಳುತ್ತಲೇ ಇರುವುದೇಕೆ? ಇವನ್ನು ನಿರ್ಮಿಸುವವರು ಮೂಢರಲ್ಲ, ಸೋಮಾರಿಗಳೂ ಅಲ್ಲ. ತಮ್ಮ ಕೃತಿಯನ್ನು ಹೊರಗೆ ಬಿಡುವ ಮುನ್ನ ಸಾವಿರಾರು ಬಗೆಯಲ್ಲಿ ಪರೀಕ್ಷಿಸಿ ನೋಡತಕ್ಕವರು. ಹಾಗಿದ್ದೂ, ‘ಇದರಲ್ಲಿ ದೋಷವಿಲ್ಲ’ ಎಂದು ಎದೆತಟ್ಟಿ ಹೇಳಬಲ್ಲ ಒಂದೇ ಒಂದು ತಂತ್ರಾಂಶವೂ ಸಾಧ್ಯವಿಲ್ಲವೆ ಎಂಬ ಪ್ರಶ್ನೆಗೆ, ಸಾಧ್ಯವುಂಟೆಂಬ ಉತ್ತರವೊಂದು 2009ರಲ್ಲಿ ಆಸ್ಟ್ರೇಲಿಯದ ಸಿಡ್ನಿ ನಗರದಿಂದ ಬಂದಿತು. ಆ ಉತ್ತರವು ಯಾವ ಯುಕ್ತಿಯ ಮೇಲೆ ನಿಂತಿದೆ, ಮತ್ತು ಎಷ್ಟು ದೂರದವರೆಗೆ ಸಲ್ಲುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಪರೀಕ್ಷೆಯಿಂದ ತಿಳಿಯುವುದೆಷ್ಟು

ಎರಡು ಸಂಖ್ಯೆಗಳನ್ನು ಕೂಡುವ ಅತ್ಯಲ್ಪ ಕ್ರಮವಿಧಿಯೊಂದನ್ನು ತೆಗೆದುಕೊಳ್ಳೋಣ. ಪ್ರತಿಯೊಂದು ಸಂಖ್ಯೆಗೂ ಯಂತ್ರವು 32 ಅಂಕಿಸ್ಥಾನಗಳನ್ನು, ಅಂದರೆ 32 ಬಿಟ್ಟುಗಳನ್ನು, ಮೀಸಲಿಟ್ಟಿದೆಯೆಂದಿರಲಿ. ಇದಕ್ಕೆ ಕೊಡಬಹುದಾದ ಜೋಡಿಗಳನ್ನೆಲ್ಲ ಒಂದೂ ಬಿಡದಂತೆ ಕೊಟ್ಟು ನೋಡಬೇಕೆಂದರೆ, ಸೆಕೆಂಡಿಗೆ ನೂರು ಕೋಟಿ ಪರೀಕ್ಷೆಗಳನ್ನು ನಡೆಸಿದರೂ 580 ವರ್ಷಗಳಿಗೆ ಮಿಕ್ಕ ಕಾಲ ಬೇಕಾಗುತ್ತದೆ. ಒಂದು ಕೂಡುವಿಕೆಯ ಪಾಡೇ ಹೀಗಾದರೆ, ನೂರಾರು ಕೆಲಸಗಳನ್ನು ಒಂದರ ಮೇಲೊಂದರಂತೆ ಯಾವ ಅನುಕ್ರಮದಲ್ಲಾದರೂ ಮಾಡಬೇಕಾಗಿ ಬರುವ ದೊಡ್ಡ ತಂತ್ರಾಂಶದ ಪಾಡನ್ನು ಹೇಳುವುದೇನಿದೆ! ಪರೀಕ್ಷೆಯು ದೋಷವಿದೆಯೆಂಬುದನ್ನು ತೋರಿಸಬಲ್ಲುದೇ ಹೊರತು ಇಲ್ಲವೆಂಬುದನ್ನು ಸ್ಥಾಪಿಸಲಾರದೆಂದು ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರ ಅವರು ಅರ್ಧ ಶತಮಾನಕ್ಕೂ ಹಿಂದೆಯೇ ಎಚ್ಚರಿಸಿದ್ದರು.

ಹಾಗಾದರೆ ರೇಖಾಗಣಿತದ ಪ್ರಮೇಯವನ್ನು ಸಾಧಿಸುವಂತೆ ಕ್ರಮವಿಧಿಯನ್ನೂ ತರ್ಕದಿಂದಲೇ ಸಾಧಿಸಿಬಿಡಬಾರದೆ? ಸಾಧಿಸಬಹುದು, ಆದರೆ ಅಲ್ಲಿಯೂ ಒಂದು ಹೊಂಡವಿದೆ. ಅನುಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಬೇಕಾದ ಅಂಶವನ್ನು ಹುಡುಕಲು, ನಡುವಣ ಸ್ಥಾನವನ್ನು ನೋಡಿ, ಬೇಡವಾದ ಅರ್ಧವನ್ನು ಕೈಬಿಟ್ಟು, ಉಳಿದ ಅರ್ಧದ ನಡುವನ್ನು ಮತ್ತೆ ನೋಡುತ್ತ ಸಾಗುವ ಒಂದು ಪ್ರಸಿದ್ಧ ವಿಧಾನವುಂಟು. ಜಾನ್ ಬೆಂಟ್ಲಿ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದಲ್ಲಿ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಎಂಬ ತಮ್ಮ ಗ್ರಂಥದಲ್ಲಿ ಈ ವಿಧಾನವನ್ನು ಬರೆದು, ಅದು ಸರಿಯೆಂದು ತರ್ಕಪುರಸ್ಸರವಾಗಿ ಸಾಧಿಸಿಯೂ ತೋರಿಸಿದರು. ಜಾವಾ ಭಾಷೆಯ ಗ್ರಂಥಾಲಯಕ್ಕೆ ಅದೇ ವಿಧಾನವನ್ನು ಬರೆದುಕೊಟ್ಟಿದ್ದ ಜೋಶುವಾ ಬ್ಲಾಕ್ 2006ರಲ್ಲಿ, ತಮ್ಮದೂ ಬೆಂಟ್ಲಿಯವರದೂ ಎರಡೂ ತಪ್ಪೆಂದು ಪ್ರಕಟಿಸಿದರು. ನಡುವಣ ಸ್ಥಾನವನ್ನು ಕಂಡುಹಿಡಿಯಲು ಎರಡು ತುದಿಗಳ ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸಬೇಕಷ್ಟೆ. ಪಟ್ಟಿಯು 107 ಕೋಟಿಗೂ ಮೀರಿ ಬೆಳೆದಾಗ ಆ ಮೊತ್ತವು ಯಂತ್ರದ 32 ಬಿಟ್ಟುಗಳ ಎಲ್ಲೆಯನ್ನು ಉಕ್ಕಿ, ಋಣಸಂಖ್ಯೆಯಾಗಿ ಮಾರ್ಪಡುತ್ತದೆ. ಅಷ್ಟು ದೊಡ್ಡ ಪಟ್ಟಿಗಳು ಹಿಂದೆ ಇರಲಿಲ್ಲವಾದುದರಿಂದ ಪರೀಕ್ಷೆಗೆ ದೋಷ ಕಾಣಲಿಲ್ಲ. ತರ್ಕಕ್ಕೆ ಏಕೆ ಕಾಣಲಿಲ್ಲವೆಂದರೆ, ತರ್ಕವು ಕೈಗೆತ್ತಿಕೊಂಡದ್ದು ಗಣಿತಜ್ಞನ ಎಲ್ಲೆಯಿಲ್ಲದ ಸಂಖ್ಯೆಗಳನ್ನು. ಯಂತ್ರದೊಳಗೆ ಇದ್ದದ್ದು ಎಲ್ಲೆಯುಳ್ಳ ಸಂಖ್ಯೆಗಳು. ಸಾಧಿಸಿದ ವಸ್ತುವೇ ಬೇರೆ, ಓಡಿದ ವಸ್ತುವೇ ಬೇರೆ. ಸಿಡ್ನಿಯ ತಂಡವು ತನ್ನ ತರ್ಕವನ್ನು ಸಿ ಭಾಷೆಯ ಕಟ್ಟಕಡೆಯ ಬಿಟ್ಟಿನವರೆಗೂ ಇಳಿಸಲು ಹಟ ಹಿಡಿದದ್ದು ಇಂಥ ಅನುಭವಗಳ ಬೆಳಕಿನಲ್ಲಿಯೇ ಎಂದು ನನ್ನ ಎಣಿಕೆ.

ತಿರುಳನ್ನೇ ಆರಿಸಿದ್ದೇಕೆ

ಗಣಕಯಂತ್ರದ ತಂತ್ರಾಂಶಗಳೆಲ್ಲ ಸಮಾನಾಧಿಕಾರಿಗಳಲ್ಲ. ಪ್ರೊಸೆಸರ್ ಎಂಬ ಕಾರ್ಯಾಂಗವು ಎರಡು ಅವಸ್ಥೆಗಳಲ್ಲಿ ನಡೆಯಬಲ್ಲುದು: ಒಂದರಲ್ಲಿ ಯಂತ್ರದ ಸರ್ವಸ್ವದ ಮೇಲೂ ಅಧಿಕಾರ, ಇನ್ನೊಂದರಲ್ಲಿ ತನಗೆ ಗೊತ್ತುಮಾಡಿದ ನೆನಪಿನ ಭಾಗದ ಮೇಲೆ ಮಾತ್ರ. ನಾವು ಬಳಸುವ ಕ್ರಮವಿಧಿಗಳೆಲ್ಲ ಎರಡನೆಯ ಅವಸ್ಥೆಯಲ್ಲಿ ನಡೆಯುವಂಥವು. ಮೊದಲನೆಯದರಲ್ಲಿ ನಡೆಯುವುದು ಕರ್ನೆಲ್ ಎಂದು ಹೆಸರಾದ ತಿರುಳು. ಯಾರಿಗೆ ಯಾವ ನೆನಪು, ಯಾರ ಸರದಿ ಯಾವಾಗ, ಯಾರ ಸಂದೇಶ ಯಾರಿಗೆ ತಲಪತಕ್ಕದ್ದು ಎಂಬುದನ್ನೆಲ್ಲ ನಿರ್ಣಯಿಸುವುದು ಅದೇ; ಅದರಲ್ಲಿ ಒಂದು ಬಿರುಕು ಬಿಟ್ಟರೆ ಮೇಲಿನ ಯಾವ ಭದ್ರತೆಯೂ ನಿಲ್ಲದು.

ಆದರೆ ಸಾಮಾನ್ಯ ಬಳಕೆಯ ತಿರುಳುಗಳು ಸಣ್ಣವಲ್ಲ. ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವ ಲಿನಕ್ಸ್ ಎಂಬ ತಿರುಳಿನ ಮೂಲಪಾಠವು, ಅಂದರೆ ಅದನ್ನು ಕಟ್ಟಿದವರು ಬರೆದ ಪಾಠವು, ಸಾಲುಗಳ ಲೆಕ್ಕದಲ್ಲಿ ಕೋಟಿಗಳನ್ನು ಮುಟ್ಟಿದೆ. ಅದಕ್ಕೆ ಪ್ರತಿಯಾಗಿ, ತಿರುಳಿನಲ್ಲಿ ಇರಲೇಬೇಕಾದುದನ್ನು ಮಾತ್ರ ಉಳಿಸಿ ಮಿಕ್ಕೆಲ್ಲವನ್ನೂ ಹೊರಕ್ಕೆ ತಳ್ಳುವ ಕಿರುತಿರುಳಿನ ಪಂಥವೊಂದಿದೆ. ಕಿರುತಿರುಳು ನಿಧಾನವಾಗಿಯೇ ನಡೆಯಬೇಕೆಂದಿಲ್ಲವೆಂಬುದನ್ನು 1990ರ ದಶಕದಲ್ಲಿ ಜರ್ಮನಿಯ ಯೋಹೆನ್ ಲೀಟ್ಕೆ ಅವರು ತಮ್ಮ ಎಲ್-4 ಎಂಬ ಕೃತಿಯಿಂದ ತೋರಿಸಿದರು. ಆ ವಂಶದಲ್ಲಿ ಹುಟ್ಟಿದ್ದು ಸಿಡ್ನಿಯ ಎಸ್‌ಇಎಲ್-4. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ನೆರೆಯಲ್ಲಿದ್ದ ನಿಕ್ಟಾ ಎಂಬ ಸಂಶೋಧನ ಸಂಸ್ಥೆಯಲ್ಲಿ ಗೆರ್ನೋಟ್ ಹೈಸರ್, ಕೆವಿನ್ ಎಲ್ಫಿನ್‌ಸ್ಟನ್, ಗೆರ್ವಿನ್ ಕ್ಲೈನ್, ಜೂನ್ ಆಂಡ್ರೊನಿಕ್ ಮೊದಲಾದವರು ಇದರಲ್ಲಿ ತೊಡಗಿದ್ದರು. ತಿರುಳು ಸಿ ಭಾಷೆಯ ಸುಮಾರು 8,700 ಸಾಲುಗಳು, ಯಂತ್ರಕ್ಕೆ ಸಮೀಪದ ಅಸೆಂಬ್ಲಿ ಭಾಷೆಯ ಸುಮಾರು 600. ಇಂಥ ಸಾಹಸಕ್ಕೆ 1970ರ ದಶಕದಲ್ಲಿಯೇ ಅಮೆರಿಕದಲ್ಲಿ ಕೈಹಚ್ಚಿದವರು ಇದ್ದರು. ಅವರ ಪ್ರಯತ್ನಗಳು ಮೂಲಪಾಠದವರೆಗೆ ಪೂರ್ಣವಾಗಿ ಇಳಿಯಲಿಲ್ಲ.

ಒಂದು ಸಾಲು, ಹತ್ತು ಮೂಟೆ

ತಿರುಳು ಸರಿಯಾಗಿದೆಯೆಂದರೆ ಏನರ್ಥ? ಯಾವುದಕ್ಕೆ ಹೊಂದಿದರೆ ಸರಿ? ಹೊಂದಬೇಕಾದ ಆದರ್ಶವನ್ನು ಮೊದಲು ಸಂದಿಗ್ಧತೆಯಿಲ್ಲದ ಗಣಿತಭಾಷೆಯಲ್ಲಿ ಬರೆದಿಡಬೇಕು. ‘ತಿರುಳು ಏನು ಮಾಡತಕ್ಕದ್ದು’ ಎಂಬುದನ್ನು ಹೇಳಿ, ‘ಹೇಗೆ’ ಎಂಬುದನ್ನು ಬಿಡುವ ಈ ಬರಹವನ್ನು ಲಕ್ಷಣಪತ್ರವೆನ್ನೋಣ. ಈಗ ಲಕ್ಷಣಪತ್ರಕ್ಕೂ ಮೂಲಪಾಠಕ್ಕೂ ಇರಬೇಕಾದ ಸಂಬಂಧವನ್ನು ಅರಿಯಲು, ಒಂದು ದೊಡ್ಡ ಕೂಡುಕುಟುಂಬದ ಕಣಜವನ್ನು ಮನಸ್ಸಿಗೆ ತಂದುಕೊಳ್ಳಬಹುದು.

ಕಣಜದ ಬಾಗಿಲಲ್ಲಿ ಕರಣಿಕನೊಬ್ಬ ಖಾತೆಯನ್ನು ಬರೆಯುತ್ತ ಕುಳಿತಿದ್ದಾನೆ. ಒಳಗೆ ಆಳುಗಳು ಭತ್ತದ ಮೂಟೆಗಳನ್ನು ಎತ್ತುತ್ತ ಇಳಿಸುತ್ತ ಇದ್ದಾರೆ. ಖಾತೆಯಲ್ಲಿ ಹಿರಿಯ ಮನೆಗೆ ಇಷ್ಟು, ಕಿರಿಯ ಮನೆಗೆ ಇಷ್ಟು ಎಂಬ ಮೊತ್ತಗಳು ಮಾತ್ರ ಇವೆ. ಹಿರಿಯ ಮನೆಯಿಂದ ಕಿರಿಯ ಮನೆಗೆ ಹತ್ತು ಮೂಟೆ ವರ್ಗವಾಗಬೇಕೆಂದರೆ ಖಾತೆಯಲ್ಲಿ ಅದು ಒಂದೇ ಗೆರೆ. ಒಳಗಾದರೋ, ಮೇಲಿನ ಮೂಟೆಗಳನ್ನು ಸರಿಸಿ, ಗುರುತುಚೀಟಿಗಳನ್ನು ಕಿತ್ತು ಬೇರೆ ಕಟ್ಟಿ, ಹೊತ್ತು, ಒಟ್ಟಿ, ಅದು ಅರ್ಧ ದಿನದ ದುಡಿಮೆ. ಕಣಜವು ಖಾತೆಗೆ ಹೊಂದಿದೆಯೆಂಬುದರ ಅರ್ಥ, ಒಳಗಿನ ಮೂಟೆಗಳನ್ನು ಎಣಿಸಿ ನೋಡಿದವನಿಗೆ ಖಾತೆಯ ಮೊತ್ತಗಳೇ ದೊರೆಯುತ್ತವೆ ಎಂಬುದು. ಈ ಹೊಂದಿಕೆಗೆ ಅನುರೂಪತೆಯೆಂದು ಹೆಸರಿಡೋಣ.

ಹೊಂದಿಕೆಯಿದೆಯೆಂದು ಎಂದೆಂದಿಗೂ ನಂಬಬೇಕಾದರೆ ಪ್ರತಿದಿನವೂ ಎಣಿಸುತ್ತ ಕುಳ್ಳಿರಬೇಕಾಗಿಲ್ಲ. ಕಣಜವನ್ನು ತೆರೆದ ಮೊದಲ ದಿನ ಅನುರೂಪತೆ ಇತ್ತೆಂದೂ, ಅಲ್ಲಿ ನಡೆಯಬಹುದಾದ ಕೆಲಸದ ಜಾತಿಗಳು ಇಂತಿಷ್ಟೇ ಎಂದೂ, ಪ್ರತಿಯೊಂದು ಜಾತಿಯ ಕೆಲಸವೂ ಅನುರೂಪತೆಯಿದ್ದ ಯಾವ ಸ್ಥಿತಿಯಲ್ಲಿ ಆರಂಭವಾದರೂ ಅನುರೂಪತೆಯಿರುವ ಸ್ಥಿತಿಯಲ್ಲಿಯೇ ಮುಗಿಯುವುದೆಂದೂ ಒಮ್ಮೆ ಸಾಧಿಸಿಬಿಟ್ಟರೆ ಸಾಕು. ನೂರು ವರ್ಷ ಯಾವ ಅನುಕ್ರಮದಲ್ಲಿ ಏನೇ ಕೆಲಸ ನಡೆದರೂ ಹೊಂದಿಕೆ ತಪ್ಪದು. ಪರೀಕ್ಷೆಯು ನಡೆದುಹೋದ ದಿನಗಳನ್ನು ಎಣಿಸುತ್ತದೆ. ಈ ವಿಧಾನವು ಕೆಲಸದ ಜಾತಿಗಳನ್ನು ಎಣಿಸುತ್ತದೆ. ದಿನಗಳಿಗೆ ಕೊನೆಯಿಲ್ಲ, ಜಾತಿಗಳಿಗೆ ಕೊನೆಯುಂಟು. ಮಿತವಾದ ತರ್ಕವು ಅಮಿತವಾದ ಭವಿಷ್ಯವನ್ನು ಹಿಡಿಯುವುದು ಈ ಒಂದು ಸಂದಿನಿಂದ. ಎಸ್‌ಇಎಲ್-4ರ ಉಪಪತ್ತಿಯ ಬೆನ್ನೆಲುಬೂ ಇದೇ. ಅಲ್ಲಿ ಖಾತೆಯೆಂದರೆ ಲಕ್ಷಣಪತ್ರ, ಕಣಜವೆಂದರೆ ಯಂತ್ರದ ನೆನಪು, ಕೆಲಸಗಳೆಂದರೆ ಹೊರಗಿನ ಕ್ರಮವಿಧಿಗಳು ತಿರುಳಿಗೆ ಸಲ್ಲಿಸುವ ಬೇಡಿಕೆಗಳು, ಯಂತ್ರಭಾಗಗಳಿಂದ ಬರುವ ಕರೆಗಳು, ಮತ್ತು ಕ್ರಮವಿಧಿಗಳು ಎಡವಿದಾಗ ಮಾಡಬೇಕಾದ ವಿಲೇವಾರಿಗಳು.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಹತ್ತು ಮೂಟೆ ಎಂದು ಖಾತೆ ಹೇಳಿತೇ ವಿನಾ ಯಾವ ಹತ್ತು ಎಂದು ಹೇಳಲಿಲ್ಲ. ಆಳು ಕೈಗೆ ಸಿಕ್ಕಿದ ಯಾವ ಹತ್ತನ್ನು ಹೊತ್ತರೂ ಖಾತೆಗೆ ಸಮ್ಮತವೇ. ಎಸ್‌ಇಎಲ್-4ರ ಲಕ್ಷಣಪತ್ರವೂ ಮುಂದಿನ ಸರದಿ ಯಾರದೆಂಬ ವಿಷಯದಲ್ಲಿ, ನಡೆಯಲು ಸಿದ್ಧವಾಗಿರುವವರಲ್ಲಿ ಯಾರನ್ನಾದರೂ ಆರಿಸಬಹುದೆಂದು ಉದಾರವಾಗಿ ಹೇಳಿ ಸುಮ್ಮನಾಗುತ್ತದೆ. ಮೂಲಪಾಠವು ಅಗ್ರತೆಯ ಪಟ್ಟಿಗಳನ್ನಿಟ್ಟುಕೊಂಡು ಖಚಿತವಾಗಿ ಒಬ್ಬನನ್ನು ಆರಿಸುತ್ತದೆ. ಮೂಲಪಾಠ ಮಾಡುವುದೆಲ್ಲವೂ ಲಕ್ಷಣಪತ್ರಕ್ಕೆ ಸಮ್ಮತವಾಗಿರಬೇಕು. ಲಕ್ಷಣಪತ್ರಕ್ಕೆ ಸಮ್ಮತವಾದುದನ್ನೆಲ್ಲ ಮೂಲಪಾಠ ಮಾಡಬೇಕಾದುದಿಲ್ಲ. ಅಕ್ರಮವಾದ ವಿಳಾಸಕ್ಕೆ ಕೈಚಾಚುವುದು, ತನಗೆ ಮೀಸಲಾದ ಜಾಗವನ್ನು ಉಕ್ಕಿ ಪಕ್ಕದ ಜಾಗವನ್ನು ಕೆಡಿಸುವುದು ಮುಂತಾದ ನಡೆಗಳಿಗೆ ಖಾತೆಯಲ್ಲಿ ಗೆರೆಯೇ ಇಲ್ಲವಾದುದರಿಂದ, ಮಾಸಿಕ ನವೀಕರಣಗಳನ್ನು ಬೇಡುವ ದೋಷಗಳಲ್ಲಿ ದೊಡ್ಡದೊಂದು ಪಂಗಡವು ಈ ಒಂದು ಸಾಧನೆಯಿಂದಲೇ ನಿರ್ಮೂಲವಾಗುತ್ತದೆ.

ಇನ್ನೊಂದು ಸೂಕ್ಷ್ಮವೆಂದರೆ, ಕೆಲಸದ ನಡುವೆ ಎಣಿಸಹೋಗಬಾರದು. ಐದು ಮೂಟೆ ಹೊತ್ತು ಐದು ಉಳಿದಿರುವಾಗ ಕಣಜವು ಹಳೆಯ ಖಾತೆಗೂ ಹೊಂದದು, ಹೊಸದಕ್ಕೂ ಹೊಂದದು. ಕೆಲಸ ಮುಗಿಯುವ ತನಕ ಬಾಗಿಲು ಮುಚ್ಚಿದ್ದರೆ ಚಿಂತೆಯಿಲ್ಲ. ಅದಕ್ಕಾಗಿಯೇ ಎಸ್‌ಇಎಲ್-4ರ ನಿರ್ಮಾತೃಗಳು ತಿರುಳು ತನ್ನ ಕೆಲಸದಲ್ಲಿರುವಾಗ ಹೊರಗಿನ ಕರೆಗಳು ನಡುವೆ ನುಗ್ಗದಂತೆ ಏರ್ಪಡಿಸಿ, ದೀರ್ಘವಾದ ಕೆಲವು ಕೆಲಸಗಳಲ್ಲಿ ಮಾತ್ರ, ಎಲ್ಲವೂ ಹೊಂದಿಕೆಯಲ್ಲಿರುವ ಗೊತ್ತಾದ ತಾಣಗಳಲ್ಲಿ, ಬಾಗಿಲನ್ನು ಇಣುಕಿ ನೋಡಲು ಅವಕಾಶವಿತ್ತರು. ಸಾಧಿಸುವ ಅನುಕೂಲಕ್ಕಾಗಿ ಕಟ್ಟುವ ಕ್ರಮವನ್ನೇ ಬದಲಿಸಿಕೊಳ್ಳುವ ಈ ವಿವೇಕವು, ಕಟ್ಟಿ ಮುಗಿಸಿದ ಮೇಲೆ ಸಾಧಿಸಹೊರಟ ಹಿಂದಿನವರಿಗೆ ದಕ್ಕಿರಲಿಲ್ಲ.

ಖಾತೆಯಿಂದ ಕಣಜಕ್ಕೆ ಒಂದೇ ನೆಗೆತದಲ್ಲಿ ಹಾರುವುದು ಕಷ್ಟವೆಂದು ನಡುವೆ ಇನ್ನೊಂದು ಮೆಟ್ಟಿಲನ್ನೂ ಇಟ್ಟರು. ಹ್ಯಾಸ್ಕೆಲ್ ಎಂಬ, ಗಣಿತಕ್ಕೆ ಸಮೀಪವಾದ ಭಾಷೆಯಲ್ಲಿ ಮಾದರಿಯೊಂದನ್ನು ಬರೆದು, ಅದನ್ನು ಓಡಿಸಿ ನೋಡಿ, ಅದರಿಂದ ಹೊರಟ ಮಧ್ಯಮ ಲಕ್ಷಣಪತ್ರವು ಮೇಲಿನದಕ್ಕೆ ಅನುರೂಪವೆಂದು ಒಂದು ಹಂತದಲ್ಲಿ, ಕೈಯಿಂದ ಬರೆದ ಸಿ ಪಾಠವು ಮಧ್ಯಮದಕ್ಕೆ ಅನುರೂಪವೆಂದು ಇನ್ನೊಂದು ಹಂತದಲ್ಲಿ ಸಾಧಿಸಿದರು.

ಎಂದೂ ಮುರಿಯದ ಮಾತುಗಳು

ಇಷ್ಟನ್ನು ಓದಿದವರಿಗೆ ಕೆಲಸ ಸುಲಭವೆನಿಸೀತು. ಶ್ರಮದ ಬಹುಪಾಲು ಎಲ್ಲಿ ವ್ಯಯವಾಯಿತೆಂಬುದನ್ನು ಇನ್ನೂ ಹೇಳಿಲ್ಲ. ‘ಅನುರೂಪತೆಯಿದ್ದ ಯಾವ ಸ್ಥಿತಿಯಲ್ಲಿ ಆರಂಭವಾದರೂ’ ಎಂಬ ಮಾತನ್ನು ಗಮನಿಸಬೇಕು. ಒಂದೇ ಮೂಟೆಗೆ ಎರಡು ಚೀಟಿಗಳು ಕಟ್ಟಿಕೊಂಡಿದ್ದರೆ ವರ್ಗಾವಣೆ ಕೆಡುತ್ತದೆ. ಅಂಥದು ಆಗದೆಂದು ನಮಗೆ ಗೊತ್ತು, ಆದರೆ ತರ್ಕಕ್ಕೆ ಗೊತ್ತಿಲ್ಲ. ಪ್ರತಿ ಮೂಟೆಗೂ ಒಂದೇ ಚೀಟಿಯೆಂಬ ನಿಯಮವನ್ನು ಬಾಯಿಬಿಟ್ಟು ಹೇಳಿ, ಯಾವ ಕೆಲಸವೂ ಅದನ್ನು ಮುರಿಯದೆಂದು ಸಾಧಿಸಬೇಕು. ಇಂಥವು ಅಚಲನಿಯಮಗಳು. ಎರಡು ವಸ್ತುಗಳು ನೆನಪಿನ ಒಂದೇ ಜಾಗವನ್ನು ಆಕ್ರಮಿಸಿರಕೂಡದು. ಒಂದು ವಿಳಾಸವು ಸರದಿಯ ಪಟ್ಟಿಯ ಸದಸ್ಯನನ್ನು ತೋರಿಸುವುದಾದರೆ ಅಲ್ಲಿ ನಿಜವಾಗಿಯೂ ಜೀವಂತ ಸದಸ್ಯನಿರಬೇಕು. ರಹದಾರಿಯೊಂದು ಯಾವ ವಸ್ತುವಿಗೆ ಪ್ರವೇಶ ಕೊಡುತ್ತದೆಯೋ ಆ ವಸ್ತುವನ್ನು ಅಳಿಸಿದಾಗ ರಹದಾರಿಯೂ ಅಳಿಯಬೇಕು. ಮೂಲಪಾಠವನ್ನು ಬರೆಯುವವನ ತಲೆಯಲ್ಲಿ ಇವು ಅರೆಬರೆಯಾಗಿ ಇದ್ದೇ ಇರುತ್ತವೆ. ಆದರೆ ಯಾವ ಸಾಲಿನಲ್ಲಿಯೂ ಬರೆಯಲ್ಪಟ್ಟಿರುವುದಿಲ್ಲ.

ಎಸ್‌ಇಎಲ್-4ರಲ್ಲಿ ಹೀಗೆ ಹೇಳಿ ಸಾಧಿಸಬೇಕಾಗಿ ಬಂದ ನಿಯಮಗಳು 150ಕ್ಕೂ ಹೆಚ್ಚು. ಅವು ಬಿಡಿಬಿಡಿಯಾಗಿಯೂ ನಿಲ್ಲುವುದಿಲ್ಲ: ಒಂದನ್ನು ಉಳಿಸಲು ಇನ್ನೊಂದು ಬೇಕು, ಅದನ್ನು ಉಳಿಸಲು ಮೊದಲನೆಯದೇ ಬೇಕು. ಹೊಸ ನಿಯಮವೊಂದು ಬೇಕೆಂದು ಕಂಡುಬಂದರೆ, ತಿರುಳಿನ ಎಲ್ಲ ಕೆಲಸಗಳಿಗೂ ಅದನ್ನು ಹೊಸದಾಗಿ ಸಾಧಿಸಬೇಕು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದು. ಯಾವುದು ಎಂದೂ ಸತ್ಯವೆಂದು ನಾವು ನಂಬಿ ನಡೆಯುತ್ತಿದ್ದೇವೋ ಅದನ್ನು ಕಂಡುಹಿಡಿದು ನುಡಿಯುವುದು, ನುಡಿದುದನ್ನು ಸಾಧಿಸುವುದಕ್ಕಿಂತ ಎಷ್ಟೋ ಕಠಿನ.

ಈ ತರ್ಕವನ್ನು ಪರಿಶೀಲಿಸಿದವರಾರು? ಎರಡು ಲಕ್ಷ ಸಾಲುಗಳಷ್ಟು ಉದ್ದವಾದ ಉಪಪತ್ತಿಯನ್ನು ಮನುಷ್ಯರು ಓದಿ ಒಪ್ಪಬೇಕಾಗಿದ್ದರೆ ಅದರ ಮೇಲೆ ನಂಬಿಕೆ ಇಡುವುದು ಕಷ್ಟವಾಗುತ್ತಿತ್ತು. ಓದಿದ್ದು ಇಸಬೆಲ್ ಎಂಬ ಇನ್ನೊಂದು ತಂತ್ರಾಂಶ. ಕೇಂಬ್ರಿಜ್‌ನಲ್ಲಿ ಲಾರೆನ್ಸ್ ಪಾಲ್ಸನ್ ಅವರು 1980ರ ದಶಕದಲ್ಲಿ ಆರಂಭಿಸಿ, ಮುಂದೆ ಮ್ಯೂನಿಕ್‌ನ ಟೋಬಿಯಾಸ್ ನಿಪ್ಕೋ ಮೊದಲಾದವರೊಡನೆ ಬೆಳೆಸಿದ್ದು. ಆ ತಂತ್ರಾಂಶದಲ್ಲಿಯೇ ದೋಷವಿದ್ದರೆ ಎಂಬ ಶಂಕೆ ಸಹಜ. ಅದಕ್ಕೆ ಸಮಾಧಾನವೂ ಉಂಟು: ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ 1970ರ ದಶಕದಲ್ಲಿ ಹಾಕಿಕೊಟ್ಟ ಮಾರ್ಗವನ್ನು ಅನುಸರಿಸಿ, ಇಸಬೆಲ್‌ನ ಒಡಲಲ್ಲಿ ತರ್ಕದ ಕೆಲವೇ ಮೂಲನಿಯಮಗಳನ್ನು ಬಲ್ಲ ಒಂದು ಪುಟ್ಟ ಭಾಗವಿದೆ, ಆ ಭಾಗದ ಕೈಯಿಂದ ಹೊರಬಾರದ ಯಾವುದೂ ಪ್ರಮೇಯವೆನಿಸಿಕೊಳ್ಳಲಾರದು. ಮಿಕ್ಕ ದೊಡ್ಡ ಭಾಗಗಳು ಹುಡುಕಬಹುದು, ಸೂಚಿಸಬಹುದು, ತಪ್ಪಲೂಬಹುದು. ತಪ್ಪಿದರೆ ಉಪಪತ್ತಿ ದೊರೆಯದೆ ಹೋದೀತೇ ಹೊರತು ಸುಳ್ಳು ಉಪಪತ್ತಿ ದೊರೆಯದು.

ತೆತ್ತ ಬೆಲೆ, ಕಂಡ ದೋಷ

ತಿರುಳನ್ನು ರೂಪಿಸಿ ಬರೆಯಲು ತಗುಲಿದ್ದು ಒಬ್ಬ ಮನುಷ್ಯನ ಎರಡು ವರ್ಷಗಳಿಗೆ ತುಸು ಮಿಕ್ಕ ದುಡಿಮೆ. ಸಾಧಿಸಲು ತಗುಲಿದ್ದು ಸುಮಾರು ಇಪ್ಪತ್ತು ವರ್ಷಗಳ ದುಡಿಮೆ, ಅದರಲ್ಲಿ ಒಂಬತ್ತರಷ್ಟು ಸಲಕರಣೆಗಳನ್ನು ಸಿದ್ಧಪಡಿಸುವುದಕ್ಕೆ. ಮೂಲಪಾಠದ ಒಂದೊಂದು ಸಾಲಿಗೆ ಉಪಪತ್ತಿಯ ಇಪ್ಪತ್ತಕ್ಕೂ ಹೆಚ್ಚು ಸಾಲುಗಳು. ಕೋಟಿಗಟ್ಟಲೆ ಸಾಲುಗಳ ಲಿನಕ್ಸಿಗೆ ಇದನ್ನು ಯಾರೂ ಮಾಡಹೊರಡದಿರುವುದೂ, ನಮ್ಮ ಫೋನುಗಳ ಮಾಸಿಕ ಬೇಡಿಕೆ ನಿಲ್ಲದಿರುವುದೂ ಇಷ್ಟರಿಂದಲೇ ಅರ್ಥವಾದೀತು.

ಮೇಲಿನ ಹಂತದ ಸಾಧನೆಯಲ್ಲಿ ಲಕ್ಷಣಪತ್ರಗಳಲ್ಲಿ ಸುಮಾರು ಐನೂರು ತಿದ್ದುಪಾಟುಗಳಾದವು. ಅವುಗಳಲ್ಲಿ ಅರ್ಧದಷ್ಟು ನಿಜವಾದ ದೋಷಗಳಿಂದ, ಉಳಿದವು ತರ್ಕದ ಅನುಕೂಲಕ್ಕಾಗಿ. ಸಿ ಪಾಠದ ಕಥೆ ಇನ್ನೂ ಕುತೂಹಲಕರವಾದುದು. ಪರೀಕ್ಷೆಯಿಂದಲೂ ಬಳಕೆಯಿಂದಲೂ ಅದರಲ್ಲಿ 16 ದೋಷಗಳು ಮೊದಲೇ ಹೊರಬಿದ್ದಿದ್ದವು. ಅನಂತರ ಉಪಪತ್ತಿಯು 144 ದೋಷಗಳನ್ನು ಹೊರಗೆಡವಿತು. ಅವು ಗಹನವಾದುವೇನೂ ಅಲ್ಲ. ಅಕ್ಷರಸ್ಖಾಲಿತ್ಯಗಳು, ಲಕ್ಷಣಪತ್ರವನ್ನು ತಪ್ಪಾಗಿ ಓದಿದ್ದು, ಒಂದೆಡೆ ಬದಲಿಸಿ ಇನ್ನೊಂದೆಡೆ ಮರೆತದ್ದು, ಇಂಥವೇ ಹೆಚ್ಚು. ಪ್ರಪಂಚದ ಅತ್ಯಂತ ಎಚ್ಚರದ ಕೈಗಳು ಬರೆದ ಎಂಟು ಸಾವಿರದ ಚಿಲ್ಲರೆ ಸಾಲುಗಳಲ್ಲಿಯೇ ಇಷ್ಟಿದ್ದರೆ ಎಂದು ಯೋಚಿಸತೊಡಗಿದರೆ ಮನಸ್ಸಿಗೆ ನೆಮ್ಮದಿಯಾಗದು, ಯೋಚಿಸದಿರುವುದೂ ಸರಿಯಲ್ಲ.

ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆಯಾದ ಡಾರ್ಪಾ 2012ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ಚಾಲಕನಿಲ್ಲದೆ ಹಾರಬಲ್ಲ ಬೋಯಿಂಗ್ ಸಂಸ್ಥೆಯ ಲಿಟ್ಲ್ ಬರ್ಡ್ ಹೆಲಿಕಾಪ್ಟರಿಗೆ ಈ ತಿರುಳನ್ನು ಅಳವಡಿಸಿ, ದಾಳಿ ಮಾಡುವುದರಲ್ಲಿ ನುರಿತವರನ್ನು ಅದರ ಮೇಲೆ ಬಿಟ್ಟರು. ಕ್ಯಾಮೆರಾವನ್ನು ನಡೆಸುವ ಭಾಗವನ್ನು ಅವರ ಕೈಗೇ ಒಪ್ಪಿಸಲಾಗಿತ್ತು. ಆ ಭಾಗವನ್ನು ಅವರು ಕೆಡಹಬಲ್ಲವರಾದರೇ ಹೊರತು ಅಲ್ಲಿಂದ ಹಾರಾಟದ ನಿಯಂತ್ರಣದತ್ತ ದಾಟಲಾರದೆ ಹೋದರು.

ಉಪಪತ್ತಿ ನಿಲ್ಲುವ ಎಡೆ

ಉಪಪತ್ತಿಗೆ ತಳಹದಿಯಾಗಿ ಕೆಲವು ನಂಬಿಕೆಗಳು ಇರಲೇಬೇಕು; ಸಿಡ್ನಿಯವರು ಅವನ್ನು ಮುಚ್ಚಿಡದೆ ಪಟ್ಟಿಮಾಡಿ ಕೊಟ್ಟರು. ಸಿ ಭಾಷೆಯನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರು ಸರಿ. ಅಸೆಂಬ್ಲಿಯ ಸಾಲುಗಳು ಸರಿ. ಯಂತ್ರವನ್ನು ಎಬ್ಬಿಸುವ ಆರಂಭಿಕ ಪಾಠ ಸರಿ. ಪ್ರೊಸೆಸರು ತನ್ನ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಯುತ್ತದೆ. ಇವುಗಳಲ್ಲಿ ಮೊದಲನೆಯದನ್ನು 2013ರಲ್ಲಿ ಥಾಮಸ್ ಸೀವೆಲ್, ಮ್ಯಾಗ್ನಸ್ ಮೈರೀನ್ ಮತ್ತು ಕ್ಲೈನ್ ಕಿತ್ತುಹಾಕಿದರು: ಕಂಪೈಲರನ್ನು ನಂಬದೆ, ಅದು ಹೊರಹಾಕಿದ ಯಂತ್ರಪಾಠವನ್ನೇ ಹಿಡಿದು ಸಿ ಪಾಠಕ್ಕೆ ಅನುರೂಪವೆಂದು ಸಾಧಿಸಿದರು. ಲಕ್ಷಣಪತ್ರವೇ ನಮಗೆ ಬೇಕಾದುದನ್ನು ಹೇಳುತ್ತದೆಯೆ ಎಂಬ ಪ್ರಶ್ನೆಗೂ ಭಾಗಶಃ ಉತ್ತರ ದೊರೆಯಿತು: ರಹದಾರಿಯಿಲ್ಲದವನು ಪರರ ನೆನಪನ್ನು ತಿದ್ದಲಾರನೆಂದು 2011ರಲ್ಲಿಯೂ, ಅರಿಯಲಾರನೆಂದು 2013ರಲ್ಲಿಯೂ ಲಕ್ಷಣಪತ್ರದಿಂದಲೇ ನಿಗಮಿಸಿದರು.

ಆದರೆ ಖಾತೆಯಲ್ಲಿ ಕಾಲದ ಕಂಬಸಾಲು ಇರಲಿಲ್ಲ. ಕೆಲಸವೊಂದು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಅಳೆದು, ನೆರೆಯವನು ಏನು ಮಾಡುತ್ತಿದ್ದನೆಂದು ಊಹಿಸಬಹುದೆಂಬುದನ್ನು 2018ರ ಜನವರಿಯಲ್ಲಿ ಪ್ರಕಟವಾದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ದೌರ್ಬಲ್ಯಗಳು ಜಗತ್ತಿಗೆ ಸಾರಿದವು. ಪ್ರೊಸೆಸರುಗಳು ವೇಗಕ್ಕಾಗಿ ಮುಂದಾಗಿಯೇ ಊಹಿಸಿ ಮಾಡುವ ಕೆಲಸವು ಹಿಂದೆ ಬಿಟ್ಟುಹೋಗುವ ಜಾಡುಗಳಿಂದ ಗುಟ್ಟುಗಳು ಸೋರುತ್ತಿದ್ದವು. ಎಸ್‌ಇಎಲ್-4ರ ಪ್ರಮೇಯಗಳಲ್ಲಿ ಒಂದೂ ಇದರಿಂದ ಸುಳ್ಳಾಗಲಿಲ್ಲ. ಅವು ಕಾಲದ ಮಾತನ್ನೇ ಆಡಿರಲಿಲ್ಲ. ಕಾಲವನ್ನೂ ಗೋಡೆಕಟ್ಟಿ ಕಾಯುವ ಉಪಾಯಗಳನ್ನು ಹೈಸರ್ ಮತ್ತು ಅವರ ಸಂಗಡಿಗರು ಆ ವೇಳೆಗಾಗಲೇ ಹುಡುಕತೊಡಗಿದ್ದರು.

ಇನ್ನು, 2009ರ ಉಪಪತ್ತಿ ಒಂದೇ ಪ್ರೊಸೆಸರಿನ ಯಂತ್ರಕ್ಕೆ ಮಾತ್ರ ಸಲ್ಲತಕ್ಕದ್ದು. ಇಂದಿನ ಯಂತ್ರಗಳಲ್ಲಿ ನಾಲ್ಕೆಂಟು ಕಾರ್ಯಾಂಗಗಳು ಏಕಕಾಲದಲ್ಲಿ ಒಂದೇ ನೆನಪಿನಲ್ಲಿ ಕೈಯಾಡಿಸುತ್ತವೆ. ಬಾಗಿಲು ಮುಚ್ಚಿ ಕೆಲಸ ಮುಗಿಸುವ ಯುಕ್ತಿ ಅಲ್ಲಿ ತಾನಾಗಿ ನಡೆಯದು, ಏಕೆಂದರೆ ಒಬ್ಬನು ಅರ್ಧಕ್ಕೆ ಬಿಟ್ಟ ಸ್ಥಿತಿಯನ್ನು ಒಳಗೇ ಇರುವ ಇನ್ನೊಬ್ಬನು ಕಾಣುತ್ತಾನೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಝಾಂಗ್ ಶಾವ್ ಅವರ ತಂಡವು 2016ರಲ್ಲಿ ಪ್ರಕಟಿಸಿದ ಸರ್ಟಿಕಾಸ್ ಎಂಬ ತಿರುಳು, ಸುಮಾರು 6,500 ಸಾಲುಗಳದು, ಈ ಕಷ್ಟವನ್ನು ನೇರವಾಗಿ ಎದುರಿಸಿತು. ಅಲ್ಲಿ ಪ್ರತಿಯೊಂದು ಕಾರ್ಯಾಂಗದ ಕೆಲಸವನ್ನೂ ಬೇರೆಬೇರೆಯಾಗಿ ತೆಗೆದುಕೊಂಡು, ಉಳಿದವರು ತನ್ನ ಕೆಲಸದ ನಡುವೆ ಏನೇನು ಮಾಡಬಹುದೆಂಬುದಕ್ಕೆ ಒಂದು ಮೇರೆಯನ್ನು ಬರೆದು, ಆ ಮೇರೆಯೊಳಗೆ ಅವರು ಏನೇ ಮಾಡಿದರೂ ತನ್ನ ಕೆಲಸ ಕೆಡದೆಂದೂ, ತಾನೂ ಇತರರಿಗೆ ಗೊತ್ತುಪಡಿಸಿದ ಮೇರೆಯನ್ನು ಮೀರದೆಂದೂ ಜೊತೆಜೊತೆಯಾಗಿ ಸಾಧಿಸುತ್ತಾರೆ.